ರಾಯಚೂರು ಕಾಳಗದ ಸಿನಿಮಾ ಬಂದರೆ ಅದರ ಸಂಗೀತ ಹೇಗಿರಬೇಕು?

ಈಚಿನ ಐತಿಹಾಸಿಕ ಯುದ್ಧದ ಸಿನಿಮಾಗಳನ್ನು ನೋಡಿ. ಭಾಷೆ ಯಾವುದೇ ಇರಲಿ, ಹಿನ್ನೆಲೆ ಸಂಗೀತ ಮಾತ್ರ ಒಂದೇ. ರಾಜ ಕುದುರೆ ಹತ್ತಿದರೆ ಕೋರಸ್, ಕತ್ತಿ ಹಿರಿದರೆ ಕೋರಸ್, ಗೆದ್ದರೂ ಸತ್ತರೂ ಕೋರಸ್. ಮೊದಲಿಂದ ಕೊನೆತನಕ ಹೆಮ್ಮೆ ಪಡು, ಹೆಮ್ಮೆ ಪಡು ಅಂತ ಒತ್ತಾಯ. ನನಗಂತೂ ಇದು ಸಾಕಾಗಿದೆ. ಯುದ್ಧದಲ್ಲಿ ಭಯವೂ ಇರುತ್ತದೆ ಅಲ್ವಾ? ದುಃಖವೂ ಇರುತ್ತದೆ.

ನಾನು ರಾಯಚೂರಿನವನು. 1520ರ ಮೇ ತಿಂಗಳಲ್ಲಿ ನಮ್ಮೂರಿನ ಕೋಟೆಗಾಗಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ದೊಡ್ಡ ಕಾಳಗ ನಡೆಯಿತು. ಅದರ ವಿವರ ಬರೆದಿಟ್ಟವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್. ಅಲ್ಲಿನ ಸದ್ದಿನ ಬಗ್ಗೆ ಅವನು ಬರೆದದ್ದನ್ನು ಓದಿದಾಗಲೆಲ್ಲ ಮೈ ಜುಂ ಅನ್ನುತ್ತದೆ. ರಾಯನ ಪಾಳೆಯದಲ್ಲಿ ನಗಾರಿ, ಕಹಳೆ ಮೊಳಗಿ ದಂಡು ಕೂಗಿದಾಗ ಆಕಾಶವೇ ಕಳಚಿ ಬೀಳುತ್ತದೇನೋ ಅನ್ನಿಸಿತಂತೆ. ಕುದುರೆಗಳ ಕೆನೆತ, ಆನೆಗಳ ಘೀಳು ಬೇರೆ. ಪಕ್ಕದವನಿಗೆ ಏನಾದರೂ ಹೇಳಬೇಕಾದರೆ ಕೈಸನ್ನೆಯೇ ಗತಿ. ಆ ಗದ್ದಲ ಎಬ್ಬಿಸಿದವರೇ ಅದಕ್ಕೆ ಹೆದರಿದರು ಅಂತಲೂ ಬರೆಯುತ್ತಾನೆ.

ಎದುರಾಳಿಯ ಎದೆ ನಡುಗಿಸಲು ಬಾರಿಸಿದ ನಗಾರಿ ಬಾರಿಸಿದವನನ್ನೂ ಬಿಡಲಿಲ್ಲ. ಈ ಭಯವನ್ನು ಯಾವ ಸಿನಿಮಾದ ಸಂಗೀತದಲ್ಲಿ ಕೇಳಿದ್ದೇವೆ? 1970ರ ‘ಶ್ರೀ ಕೃಷ್ಣದೇವರಾಯ’ಕ್ಕೆ ಟಿ.ಜಿ. ಲಿಂಗಪ್ಪ ಕೊಟ್ಟ ಹಾಡುಗಳನ್ನು ನಮ್ಮ ಮನೆಯಲ್ಲಿ ಇವತ್ತಿಗೂ ಗುನುಗುತ್ತಾರೆ. ಹಾಡುಗಳಿಗೆ ನಮ್ಮಲ್ಲಿ ಬರ ಇಲ್ಲ. ಕೊರತೆ ಇರುವುದು ರಣರಂಗದ ದೃಶ್ಯಗಳಲ್ಲಿ.

ದುಃಖದ ಸಂಗೀತಕ್ಕೂ ದೂರ ಹೋಗಬೇಕಿಲ್ಲ. ಮೊಹರಂನಲ್ಲಿ ನಮ್ಮ ಜಿಲ್ಲೆಯ ಮುದಗಲ್ಲಿಗೆ ಬನ್ನಿ. ಜಾತಿ, ಧರ್ಮ ನೋಡದೆ ಜನ ಸೇರಿರುತ್ತಾರೆ. ಹಲಗಿಯವರು ಹುಲ್ಲಿಗೆ ಬೆಂಕಿ ಹಚ್ಚಿ, ಹಲಗಿಯನ್ನು ಅದರ ಮೇಲೆ ಹಿಡಿದು, ಬೆರಳಿಂದ ತಟ್ಟಿ ತಟ್ಟಿ ನೋಡುತ್ತಾರೆ. ಚರ್ಮ ಬಿಗಿಯಾಗಿ ಠಣ್ ಅಂದ ಮೇಲೇ ಬಡಿತ ಶುರು. ಆಮೇಲೆ ರಿವಾಯತ್ ಪದ. ಕರ್ಬಲಾದಲ್ಲಿ ಮಕ್ಕಳು ಹನಿ ನೀರಿಗೆ ಬಾಯಿ ಬಿಟ್ಟದ್ದು, ಅಲ್ಲಿನ ಯುದ್ಧದಲ್ಲಿ ಪ್ರವಾದಿ ಮಹಮ್ಮದರ ಮೊಮ್ಮಗ ಹುಸೇನರು ಮಡಿದದ್ದು, ಎಲ್ಲವೂ ನಮ್ಮ ಕನ್ನಡದಲ್ಲಿ. ಮುಂದಿನವನು ಸಾಲನ್ನು ಎಳೆದು ಹಾಡಿದರೆ ಹಿಂದಿನವರು ಎತ್ತಿಕೊಳ್ಳುತ್ತಾರೆ. ಕೇಳುತ್ತಾ ನಿಂತ ಅಜ್ಜಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಇದೂ ಯುದ್ಧದ ಕಥೆಯೇ. ಆದರೆ ಸತ್ತವರ ಕಡೆ ನಿಂತು ಹಾಡುವ ಕಥೆ.

ಇದೆಲ್ಲ ನಮ್ಮ ಸಂಗೀತ ನಿರ್ದೇಶಕರ ಕಿವಿಗೆ ಯಾಕೆ ಬೀಳುವುದಿಲ್ಲ? ಕಂಪ್ಯೂಟರಿನಲ್ಲಿ ಸಿಗುವ ರೆಡಿಮೇಡ್ ಡ್ರಮ್ಸ್ ಸುಮ್ನೆ ಯಾಕೆ? ಹಲಗಿ, ಡೊಳ್ಳು, ಕರಡಿ ಮಜಲು ಎಲ್ಲಾ ಇಲ್ಲೇ ಇವೆ. ನಮ್ಮವರನ್ನು ಕರೆಸಿ ನುಡಿಸಿ.

ರಾಯಚೂರು ಕಾಳಗವನ್ನು ಯಾರಾದರೂ ಸಿನಿಮಾ ಮಾಡಿದರೆ, ಶುರುವಿನಲ್ಲಿ ನೂನಿಜ್ ಹೇಳಿದ ಆ ಗದ್ದಲ ಇರಲಿ. ಆದಿಲ್ ಶಾಹನ ಫಿರಂಗಿಗಳು ಒಮ್ಮೆಲೇ ಸಿಡಿದು ರಾಯನ ಮುಂದಿನ ಸಾಲು ಚದುರಿದಾಗ ವಾದ್ಯವೆಲ್ಲ ಗಪ್ಪನೆ ನಿಲ್ಲಲಿ. ರಾಯ ಮತ್ತೆ ದಂಡು ಕೂಡಿಸಿ ನುಗ್ಗುವಾಗ ನಗಾರಿ ಬರಲಿ, ಬೇಡ ಅನ್ನುವುದಿಲ್ಲ. ಆದರೆ ಸೋತು ಓಡಿದ ಬಿಜಾಪುರದ ಸೈನಿಕರು ಕೃಷ್ಣಾ ನದಿಯಲ್ಲಿ ಮುಳುಗುವಾಗ ದಯವಿಟ್ಟು ಜಯಭೇರಿ ಬಾರಿಸಬೇಡಿ. ಅಲ್ಲಿ ರಿವಾಯತ್ ಧಾಟಿಯ ಒಂದೇ ದನಿ ಸಾಕು. ಹಾಡುವವರು ಮುದಗಲ್ ಕಡೆಯವರೇ ಇರಲಿ. ಅವರಿಗೆ ತಕ್ಕ ದುಡ್ಡು ಕೊಡಿ, ಟೈಟಲ್ ಕಾರ್ಡಿನಲ್ಲಿ ಹೆಸರೂ ಹಾಕಿ.