ಮೋಡ ಬಂತು, ಮಳೆ ಎಲ್ಲಿ?

‘ಕರಾವಳಿಯಲ್ಲಿ ಭಾರಿ ಮಳೆ, ಒಳನಾಡಿನ ಒಂದೆರಡು ಕಡೆ ಹಗುರ ಮಳೆ’. ಈ ವಾರವೂ ಅದೇ ಮುನ್ಸೂಚನೆ! ಮೋಡ ಹೇಗೆ ಆಗುತ್ತದೆ ಅಂತ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ, ಆದರೆ ಅದರಲ್ಲಿ ಪಶ್ಚಿಮ ಘಟ್ಟದ ಮಾತೇ ಇಲ್ಲ. ಅರಬ್ಬಿ ಸಮುದ್ರದ ತೇವದ ಗಾಳಿ ಆಗುಂಬೆ ಕಡೆ ಘಟ್ಟಕ್ಕೆ ಬಡಿದು ಮೇಲೇರುತ್ತದೆ. ಏರಿದಂತೆ ಹಿಗ್ಗಿ ತಣ್ಣಗಾಗುತ್ತದೆ. ಮೋಡ ಕಟ್ಟುವ ತನಕ ಕಿಲೋಮೀಟರಿಗೆ ಸುಮಾರು 10 ಡಿಗ್ರಿ. ಆಮೇಲೆ ಆವಿ ಧೂಳು, ಉಪ್ಪಿನ ಕಣಗಳಿಗೆ ಅಂಟಿ ಹನಿಯಾಗುತ್ತದೆ. ಮಳೆ ಜಾಸ್ತಿ ಅಲ್ಲೇ ಸುರಿದುಬಿಡುತ್ತದೆ. ಈಚೆ ಇಳಿಯುವ ಗಾಳಿ ಬಿಸಿಯಾಗಿ ಒಣಗುತ್ತದೆ. ಚಿತ್ರದುರ್ಗದ ನಮಗೆ ಉಳಿಯುವುದು ಬರೀ ಗಾಳಿ. ಆಷಾಢದಲ್ಲಿ ಒಣಹಾಕಿದ ಪಂಚೆ ಪಕ್ಕದ ಮನೆ ಬೇಲಿ ಸೇರಿರುತ್ತದೆ! ಇನ್ನು ‘ಒಂದೆರಡು ಕಡೆ’ ಅಂದರೆ, ನೂರು ಮಳೆಮಾಪನ ಕೇಂದ್ರಗಳಿದ್ದರೆ 25ಕ್ಕಿಂತ ಹೆಚ್ಚು ಕಡೆ ಮಳೆ ಇಲ್ಲ ಅಂತ ಹವಾಮಾನ ಇಲಾಖೆ ಲೆಕ್ಕ. ನಮ್ಮೂರು ಯಾವಾಗಲೂ ಉಳಿದ 75ರಲ್ಲೇ, ಅಲ್ವಾ?