ಮೈಕೈ ನೋವು ಬಂದರೇನೇ ವರ್ಕೌಟ್ ಆಯ್ತಾ?

ಜಿಮ್‌ಗೆ ಹೋಗುವವರು ಮಾರನೇ ದಿನ ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ "ನೋವಾಯ್ತಾ?" ಅಂತ. ಆಯ್ತು ಅಂದ್ರೆ ಖುಷಿ, ಇಲ್ಲ ಅಂದ್ರೆ ಮುಖ ಸಪ್ಪೆ. ಟ್ರೈನರ್‌ಗಳೂ ಅದನ್ನೇ ಹೇಳುತ್ತಾರೆ, "ಮೆಟ್ಟಿಲು ಇಳಿಯೋಕಾಗ್ತಿಲ್ವಾ ಅಣ್ಣಾ? ಹಂಗಾದ್ರೆ ನಿನ್ನೆ ಲೆಗ್ಸ್ ಚೆನ್ನಾಗಿ ಬಿದ್ದಿದೆ ಬಿಡಿ" ಅಂತ. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಅದಕ್ಕೆ ಕಾರಣ ನಮ್ಮ ಮನೆಯಲ್ಲೇ ಇದೆ.

ನಮ್ಮ ದೊಡ್ಡಕ್ಕನಿಗೆ ಐವತ್ತು ದಾಟಿದೆ. ಮಂಡಿ ನೋವು. ತೊಡೆಗೆ ಬಲ ಬಂದರೆ ಮಂಡಿ ಮೇಲಿನ ಹೊರೆ ಕಡಿಮೆ ಆಗುತ್ತೆ ಅಂತ ಡಾಕ್ಟರು ಹೇಳಿದ್ದಕ್ಕೆ, ಸಂಕೋಚ ಎಲ್ಲ ಪಕ್ಕಕ್ಕಿಟ್ಟು ಮನೆ ಹತ್ತಿರದ ಒಂದು ಜಿಮ್‌ಗೆ ಸೇರಿದಳು. ಮೊದಲನೇ ದಿನವೇ ಸ್ಕ್ವಾಟ್ (ಬಸ್ಕಿ ಥರದ್ದು), ಲಂಜಸ್ (ಒಂದು ಕಾಲು ಮುಂದಿಟ್ಟು ಮಂಡಿ ಮಡಚೋದು) ಅಂತ ಕಾಲು ನಡುಗುವವರೆಗೂ ಮಾಡಿಸಿದರು. ಎರಡು ದಿನ ಬಿಟ್ಟು ನೋಡಿದರೆ ಕೂತವಳಿಗೆ ಏಳೋಕಾಗಲ್ಲ, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಬೇಕು. ಜಿಮ್‌ಗೆ ಫೋನ್ ಮಾಡಿ ಕೇಳಿದರೆ "ಸೂಪರ್ ಮೇಡಂ, ಇದೇ ಬೇಕಾಗಿದ್ದು" ಅಂದರಂತೆ. ಅವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಕಟ್ಟಿದ ಫೀಸ್ ಹೋಗಲಿ, ಅವಳಿಗೆ ಬರಬೇಕಾಗಿದ್ದ ಬಲವೂ ಹೋಯಿತಲ್ಲ, ಅದು ನನಗೆ ಇವತ್ತಿಗೂ ಬೇಜಾರು.

ಈ ನೋವು ಯಾಕೆ ಬರುತ್ತೆ ಅಂತ ಗೊತ್ತಿದ್ದರೆ ಯಾರೂ ಹಾಗೆ ಹೇಳುತ್ತಿರಲಿಲ್ಲ. ಜಿಮ್‌ನಲ್ಲಿ ಇದಕ್ಕೆ ಡಾಮ್ಸ್ (DOMS) ಅಂತಾರೆ, ಅಂದ್ರೆ ತಡವಾಗಿ ಶುರುವಾಗುವ ಸ್ನಾಯು ನೋವು. ವ್ಯಾಯಾಮ ಮುಗಿದು ಅರ್ಧ ದಿನ, ಒಂದು ದಿನ ಆದ ಮೇಲೆ ಶುರುವಾಗಿ, ಎರಡನೇ ಮೂರನೇ ದಿನ ಜಾಸ್ತಿಯಾಗಿ, ಆಮೇಲೆ ತಾನಾಗೇ ಇಳಿಯುತ್ತದೆ. ಲ್ಯಾಕ್ಟಿಕ್ ಆಸಿಡ್ ತುಂಬಿಕೊಂಡಿದ್ದಕ್ಕೆ ನೋವು ಅಂತ ಈಗಲೂ ತುಂಬಾ ಜನ ಹೇಳುತ್ತಾರೆ. ಅದು ತಪ್ಪು. ಓಡುವಾಗ, ಭಾರ ಎತ್ತುವಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಸಿಡ್ ರಕ್ತದಲ್ಲಿ ಇರುವ ರೂಪ) ಸುಮಾರು ಒಂದು ಗಂಟೆಯೊಳಗೆ ಮಾಮೂಲಿ ಮಟ್ಟಕ್ಕೆ ಬಂದುಬಿಡುತ್ತದೆ, ನೋವು ಬರೋದು ಮಾರನೇ ದಿನ. 1983ರಲ್ಲೇ ಇದನ್ನು ಟ್ರೆಡ್‌ಮಿಲ್ ಮೇಲೆ ಪರೀಕ್ಷೆ ಮಾಡಿ ನೋಡಿದ್ದಾರೆ. ಸಮತಟ್ಟಾಗಿ ಓಡಿದಾಗ ಲ್ಯಾಕ್ಟೇಟ್ ಏರಿತು, ಆಮೇಲೆ ನೋವು ಬರಲಿಲ್ಲ. ಇಳಿಜಾರಿನಲ್ಲಿ ಓಡಿದಾಗ ಲ್ಯಾಕ್ಟೇಟ್ ಏರಲೇ ಇಲ್ಲ, ನೋವು ಮಾತ್ರ ಚೆನ್ನಾಗಿ ಬಂತು.

ಮೈಸೂರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತೆ, ಎದೆ ಹೊಡ್ಕೊಳ್ಳುತ್ತೆ, ಆದರೆ ಅಭ್ಯಾಸ ಇಲ್ಲದವರ ತೊಡೆ ಹಿಡ್ಕೊಳ್ಳೋದು ಬಹುಪಾಲು ಇಳಿದಿದ್ದಕ್ಕೆ. ಕುಮಾರ ಪರ್ವತ ಇಳಿದು ಬಂದವರನ್ನು ಕೇಳಿ ನೋಡಿ. ಇಳಿಯುವಾಗ ತೊಡೆಯ ಸ್ನಾಯು ಉದ್ದ ಆಗುತ್ತಲೇ ಮೈ ಭಾರವನ್ನು ತಡೆದು ಹಿಡಿಯಬೇಕು. ಜಿಮ್‌ನಲ್ಲಿ ಡಂಬೆಲ್ ಕೆಳಗಿಳಿಸುವಾಗ, ಸ್ಕ್ವಾಟ್‌ನಲ್ಲಿ ಕೆಳಗೆ ಹೋಗುವಾಗ ಆಗೋದೂ ಇದೇ. ಅಭ್ಯಾಸ ಇಲ್ಲದ ಸ್ನಾಯು ಈ ಕೆಲಸ ಮಾಡಿದಾಗ ಒಳಗೆ ಸಣ್ಣ ಸಣ್ಣ ಹಾನಿ ಆಗಿ, ಉರಿಯೂತ ಬಂದು, ಮುಟ್ಟಿದರೆ ನೋಯುತ್ತದೆ.

ಅಭ್ಯಾಸ ಇಲ್ಲದ ಅನ್ನೋದೇ ಇಲ್ಲಿ ಮುಖ್ಯ. ಅದೇ ವ್ಯಾಯಾಮವನ್ನು ಒಂದೆರಡು ವಾರ ಬಿಟ್ಟು ಮತ್ತೆ ಮಾಡಿ, ನೋವು ತುಂಬಾ ಕಡಿಮೆ ಬರುತ್ತೆ. ಒಂದೇ ಒಂದು ಸಲ ಮಾಡಿದರೂ ದೇಹ ಅದನ್ನು ನೆನಪಿಟ್ಟುಕೊಂಡು ವಾರಗಟ್ಟಲೆ ರಕ್ಷಣೆ ಕೊಡುತ್ತದೆ. ಹಾಗಾದ್ರೆ ನೋವು ನಿಂತ ಮೇಲೆ ಬಲ ಬರೋದೂ ನಿಲ್ಲುತ್ತಾ? ಇಲ್ಲವಲ್ಲ, ಆಗಲೂ ವಾರವಾರ ಭಾರ ಏರಿಸುತ್ತಾ ಹೋಗುತ್ತೇವೆ. ಗರಡಿ ಮನೆಯಲ್ಲಿ ಪೈಲ್ವಾನರು ದಿನಾ ನೂರಾರು ದಂಡ, ಬಸ್ಕಿ ಹೊಡೆಯುತ್ತಾರೆ. ದಿನಾ ತೊಡೆ ಹಿಡ್ಕೊಂಡರೆ ಮಣ್ಣಿಗೆ ಇಳಿದು ಕುಸ್ತಿ ಮಾಡೋದು ಹೇಗೆ?

ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ ವೇಟ್‌ಲಿಫ್ಟಿಂಗ್ 56 ಕೆಜಿ ವಿಭಾಗದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ತಂದರಲ್ಲ, ಆ ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಅನ್ನೋ ಎರಡು ಬಗೆಯ ಎತ್ತುಗಳಲ್ಲಿ ಭಾರದ ಸರಳನ್ನು ತಲೆ ಮೇಲೆ ಎತ್ತಿ ನಿಂತ ಮೇಲೆ ಕೆಳಕ್ಕೆ ಬಿಟ್ಟುಬಿಡುತ್ತಾರೆ. ನಿಧಾನಕ್ಕೆ ಇಳಿಸುವ ಕೆಲಸವೇ ಇಲ್ಲ, ಹಾಗಾಗಿ ಆ ಎತ್ತುಗಳಿಂದ ನೋವೂ ಕಡಿಮೆ. ಅವರಿಗೆ ಬಲ ಇಲ್ಲ ಅನ್ನೋಕಾಗುತ್ತಾ?

ದೇಹದ ಭಾಗಗಳೂ ಒಂದೇ ಥರ ನೋಯುವುದಿಲ್ಲ. ತೊಡೆಯ ಹಿಂಭಾಗ, ಎದೆ, ಮೀನಖಂಡ ಬೇಗ ಹಿಡ್ಕೊಳ್ಳುತ್ತವೆ. ಭುಜದ ಪಕ್ಕದ ಸ್ನಾಯು ಎಷ್ಟು ದುಡಿಸಿದರೂ ಅನೇಕರಿಗೆ ನೋಯುವುದೇ ಇಲ್ಲ, ಆದರೂ ಬೆಳೆಯುತ್ತೆ. ಇನ್ನು ನಿದ್ದೆಗೆಟ್ಟವರಿಗೆ ನೋವು ಜಾಸ್ತಿ ಅನ್ನಿಸಬಹುದು, ಇಬ್ಬರು ಒಂದೇ ವ್ಯಾಯಾಮ ಮಾಡಿದರೂ ಒಬ್ಬರು ಕುಂಟುತ್ತಾ ಬರುತ್ತಾರೆ, ಇನ್ನೊಬ್ಬರು ಆರಾಮಾಗಿರುತ್ತಾರೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 2011ರ ಒಂದು ಅಧ್ಯಯನ. ಒಂದು ಗುಂಪಿಗೆ ಮೊದಲು ಮೂರು ವಾರ ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಸಿ ಆಮೇಲೆ ಎಂಟು ವಾರ ಗಟ್ಟಿ ತರಬೇತಿ ಕೊಟ್ಟರು. ಇನ್ನೊಂದು ಗುಂಪಿಗೆ ಸೀದಾ ಗಟ್ಟಿ ತರಬೇತಿ. ಎರಡನೇ ಗುಂಪಿನವರು ಶುರುವಿನಲ್ಲಿ ನೋವು ತಿಂದರು, ಸ್ನಾಯು ಹಾನಿಯ ಗುರುತುಗಳೂ ರಕ್ತದಲ್ಲಿ ಕಂಡವು. ಕೊನೆಯಲ್ಲಿ ಅಳೆದು ನೋಡಿದರೆ ಸ್ನಾಯು ಬೆಳೆದಿದ್ದು, ಬಲ ಬಂದಿದ್ದು ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ. 2016ರಲ್ಲಿ ಬ್ರೆಜಿಲ್‌ನ ಒಂದು ತಂಡ ಕಂಡುಕೊಂಡಿದ್ದು ಇದಕ್ಕೆ ಸರಿಯಾಗಿ ಹೊಂದುತ್ತೆ. ಮೊದಲ ವಾರ ದೇಹ ಹೊಸ ಪ್ರೋಟೀನ್ ಕಟ್ಟುವ ಕೆಲಸ ಜೋರಾಗಿ ನಡೆಯುತ್ತೆ, ಆದರೆ ಅದರ ಬಹುಪಾಲು ಹಾನಿಯ ರಿಪೇರಿಗೇ ಹೋಗುತ್ತೆ. ಹಾನಿ ಕಡಿಮೆ ಆದ ಮೇಲಷ್ಟೇ ಆ ಕೆಲಸ ಸ್ನಾಯು ಬೆಳೆಸುವ ಕಡೆ ತಿರುಗುತ್ತೆ.

ಹಾಗಂತ ನೋವು ಬಂದರೆ ಏನೋ ಎಡವಟ್ಟಾಯಿತು ಅಂತಲೂ ಅಲ್ಲ. ಹೊಸ ವ್ಯಾಯಾಮ ಶುರು ಮಾಡಿದಾಗ, ಗ್ಯಾಪ್ ಬಿಟ್ಟು ಮತ್ತೆ ಬಂದಾಗ ಸ್ವಲ್ಪ ಹಿಡ್ಕೊಳ್ಳೋದು ಸಹಜ. ಸುಮ್ನೆ ಮಲಗೋದಕ್ಕಿಂತ ಓಡಾಡಿಕೊಂಡಿದ್ದರೆ, ಹಗುರಕ್ಕೆ ಕೈಕಾಲು ಆಡಿಸಿದರೆ ಸ್ವಲ್ಪ ಹೊತ್ತಾದರೂ ಆರಾಮ ಅನ್ನಿಸುತ್ತೆ. ನನ್ನ ತಕರಾರು ಇರೋದು ನೋವನ್ನೇ ಗುರಿ ಮಾಡಿಕೊಳ್ಳುವುದರ ಬಗ್ಗೆ. ಜೋರು ನೋವಿದ್ದಾಗ ಸ್ನಾಯುವಿನ ಬಲವೇ ಕೆಲ ದಿನ ಕುಗ್ಗಿರುತ್ತೆ. ಸೋಮವಾರ ಕಾಲು ಹಾಳು ಮಾಡಿಕೊಂಡು ಗುರುವಾರದ ಸ್ಕ್ವಾಟ್ ತಪ್ಪಿಸಿದರೆ ವಾರದ ಲೆಕ್ಕದಲ್ಲಿ ನಷ್ಟ ನಿಮಗೇ.

ಇನ್ನೊಂದು ವಿಷಯ ದಯವಿಟ್ಟು ಗಮನ ಕೊಟ್ಟು ಓದಿ. ಕೈಕಾಲು ವಿಪರೀತ ಊದಿಕೊಂಡು, ಕೈ ಮಡಚೋಕೂ ಆಗದೆ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಅದು ಡಾಮ್ಸ್ ಅಲ್ಲ. ರ‍್ಯಾಬ್ಡೋಮಯೋಲಿಸಿಸ್ ಇರಬಹುದು. ಸ್ನಾಯು ಒಡೆದು ಅದರೊಳಗಿನದ್ದು ರಕ್ತಕ್ಕೆ ಸೇರಿ ಕಿಡ್ನಿಗೇ ಪೆಟ್ಟು ಬೀಳುವ ಸ್ಥಿತಿ ಅದು. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹೊಸಬರಿಗೆ ಮೊದಲ ದಿನವೇ ಅತಿಯಾಗಿ ಮಾಡಿಸಿದಾಗ ಇದು ಆಗಿರುವ ಉದಾಹರಣೆಗಳಿವೆ. ಅಂಥ ಹೊತ್ತಲ್ಲಿ "ಇದೇ ಬೇಕಾಗಿದ್ದು" ಅಂತ ಯಾರಾದರೂ ಸಮಾಧಾನ ಹೇಳಿದರೆ ಗತಿಯೇನು?

ಮತ್ತೆ ಅಳೆಯೋದು ಹೇಗೆ ಅಂತ ಕೇಳಬಹುದು. ಒಂದು ಚಿಕ್ಕ ಪುಸ್ತಕ ಇಟ್ಟುಕೊಳ್ಳಿ, ಫೋನ್‌ನಲ್ಲಿ ಬರೆದರೂ ನಡೆಯುತ್ತೆ. ಯಾವ ವ್ಯಾಯಾಮ, ಎಷ್ಟು ಭಾರ, ಎಷ್ಟು ರೆಪ್ಸ್, ಅಂದ್ರೆ ಎಷ್ಟು ಸಲ. ಹೋದ ತಿಂಗಳು 10 ಕೆಜಿ ಹಿಡಿದು ಎಂಟು ಸಲ ಎತ್ತುತ್ತಿದ್ದವರು ಈಗ ಹನ್ನೆರಡು ಸಲ ಎತ್ತುತ್ತಿದ್ದರೆ ಕೆಲಸ ಆಗುತ್ತಿದೆ. ಸೆಟ್‌ನ (ನಿಲ್ಲಿಸದೆ ಮಾಡುವ ಒಂದು ಸುತ್ತಿನ) ಕೊನೆಗೆ ಇನ್ನೊಂದೆರಡು ಮಾತ್ರ ಆಗಬಹುದು ಅನ್ನುವಷ್ಟು ಕಷ್ಟ ಇದ್ದರೆ ಸಾಕು. ಗ್ಯಾಸ್ ಸಿಲಿಂಡರ್ ಸರಿಸೋದು, ನೆಲದ ಮೇಲಿಂದ ಕೈ ಊರದೆ ಏಳೋದು ಸುಲಭ ಆಯ್ತಾ ನೋಡಿ.

ಟ್ರೈನರ್ ಮಿತ್ರರಲ್ಲಿ ಒಂದು ಮಾತು. ಹೊಸಬರು ಬಂದಾಗ, ಅದರಲ್ಲೂ ವಯಸ್ಸಾದವರು, ಯಾವತ್ತೂ ಭಾರ ಎತ್ತದ ಹೆಂಗಸರು ಬಂದಾಗ, ಮೊದಲ ಎರಡು ವಾರ ಒಂದೆರಡು ಸೆಟ್ ಮಾತ್ರ ಮಾಡಿಸಿ, ಕಡಿಮೆ ಭಾರ ಕೊಡಿ. "ಇಷ್ಟೇನಾ?" ಅಂತ ಅವರೇ ಕೇಳಲಿ, ಪರವಾಗಿಲ್ಲ. ಇಷ್ಟೇ ಸಾಕು, ಮುಂದಿನ ವಾರ ಇನ್ನೊಂದು ಸೆಟ್ ಸೇರಿಸೋಣ ಅಂತ ಹೇಳಿ ಕಳಿಸಿ.