ಐವತ್ತರ ತಾಳ, ಅರವತ್ತರ ಕುಣಿತ

ಅಮೆರಿಕದಲ್ಲಿರುವ ನೆಂಟರು ಗ್ಯಾರೇಜ್ ಖಾಲಿ ಮಾಡಿದರೆ ಅದರ ಫಲ ಅನುಭವಿಸುವುದು ಕೊಡಗಿನ ನಮ್ಮ ನಾಪೋಕ್ಲು. ಮಳೆಗಾಲದಲ್ಲಿ ಊರಿಗೆ ಬಂದ ಭಾವ ಸೂಟ್‌ಕೇಸಿನಿಂದ ಚಾಕಲೇಟ್ ತೆಗೆಯುತ್ತಾನೆ ಅಂತ ಮಕ್ಕಳು ಕಾದರೆ, ತೆಗೆದದ್ದು ಕಮಡೋರ್ 64. 1982ರಲ್ಲಿ ಬಂದ ಕಂಪ್ಯೂಟರ್, 64 ಕಿಲೋಬೈಟ್ ಮೆಮೊರಿ. ವಾಟ್ಸಾಪಿನ ಒಂದು ಗುಡ್ ಮಾರ್ನಿಂಗ್ ಹೂವು ಅದರಲ್ಲಿ ಹಿಡಿಸುವುದೂ ಅನುಮಾನ.

“ಸ್ಟೆಪ್ ಡೌನ್ ಹಾಕಿದ್ರೆ ಮುಗೀತು” ಅಂದ ಭಾವ. ಅಲ್ಲಿ 120 ವೋಲ್ಟ್, ಇಲ್ಲಿ 230. ಅದನ್ನು ಇಳಿಸುವ ಡಬ್ಬ ಅಂಗಡಿಯಲ್ಲಿ ಸಿಗುತ್ತದೆ ನಿಜ. ಆದರೆ ಅಲ್ಲಿನ ಕರೆಂಟಿನ ಬಡಿತ ಸೆಕೆಂಡಿಗೆ 60, ನಮ್ಮದು 50. ಈ ಲೆಕ್ಕವನ್ನು ಆ ಡಬ್ಬ ಮುಟ್ಟುವುದಿಲ್ಲ. ವಾಲಗದವರು ತಾಳ ನಿಧಾನ ಮಾಡಿದರೆ ಕುಣಿಯುವವರೂ ನಿಧಾನವಾಗಬೇಕಲ್ವಾ?

ಕಮಡೋರ್‌ನ 6526 ಚಿಪ್ಪಿನೊಳಗೆ ಒಂದು ಗಡಿಯಾರವಿದೆ. ಅದು ಕರೆಂಟಿನ ಬಡಿತವನ್ನೇ ಎಣಿಸುತ್ತದೆ. 60 ಎಣಿಸಿದರೆ ಒಂದು ಸೆಕೆಂಡ್ ಅಂತ ಅದರ ನಂಬಿಕೆ. ನಮ್ಮ ಕರೆಂಟಿಗೆ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತದೆ. ಇದಕ್ಕೆ ಮದ್ದಿಲ್ಲ ಅಂತಲ್ಲ. ಮೆಮೊರಿಯ 56334ನೇ ಜಾಗಕ್ಕೆ ಪೋಕ್ ಮಾಡಿ, ಅಂದರೆ ಅಲ್ಲಿ ಹೊಸ ಸಂಖ್ಯೆ ಬರೆದು, ಮೇಲಿನ ಬಿಟ್ಟನ್ನು 1 ಮಾಡಿದರೆ 50 ಎಣಿಸಲು ಒಪ್ಪಿಕೊಳ್ಳುತ್ತದೆ. ಕರೆಂಟ್ ಹೋದರೆ ಮಾತ್ರ ಮರೆತುಬಿಡುತ್ತದೆ. ಕಕ್ಕಡದ, ಅಂದರೆ ಆಟಿ ತಿಂಗಳ ಕೊಡಗಿನಲ್ಲಿ, ಸಿಲ್ವರ್ ಓಕ್ ಮರಗಳು ಲೈನಿನ ಮೇಲೆ ಒರಗುವ ದಿನಗಳಲ್ಲಿ, ಕರೆಂಟ್ ಹೋದರೆ ಅನ್ನುವ ಮಾತೇ ಇಲ್ಲ. ಬಂದರೆ ಅನ್ನಬೇಕು.

ಟಿವಿಯದು ಬೇರೆಯೇ ಕಥೆ. ಅವರದು 525 ಗೆರೆಯ ಎನ್‌ಟಿಎಸ್‌ಸಿ, ಮಾವನ ಹಳೇ ಟಿವಿ 625 ಗೆರೆಯ ಪಾಲ್. ಎರಡೂ ಟಿವಿಗೆ ಚಿತ್ರ ಕಳಿಸುವ ಬೇರೆ ಬೇರೆ ಪದ್ಧತಿ. ಚಿತ್ರಕ್ಕೆ ಬಣ್ಣವಿಲ್ಲ, ನಿಲ್ಲದೆ ಉರುಳುತ್ತದೆ. ಅತ್ತೆ ನೋಡಿ, “ತಲೆ ಸುತ್ತು ಬರ್ತದೆ ಮಾರಾಯ” ಅಂತ ಎದ್ದು ಹೋದರು.

ಒಂದು ಸಂಜೆ ಲೈನ್ ಪೂರ್ತಿ ಸತ್ತಿತ್ತು. ಮಾವ ತೋಟದ ಜೆನ್‌ಸೆಟ್ ಹಾಕಿಸಿದರು. ಭಾವನ ಕಣ್ಣು ಹೊಳೆಯಿತು. ನಾಲ್ಕು ಕಾಂತಧ್ರುವದ ಜೆನ್‌ಸೆಟ್ ನಿಮಿಷಕ್ಕೆ 1500 ಸುತ್ತಿದರೆ 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಬಡಿತ; 1800 ಸುತ್ತಿದರೆ 60. ಅಂದರೆ ಇಡೀ ಕೊಡಗಿನಲ್ಲಿ ಅಮೆರಿಕದ ಕರೆಂಟ್ ಮಾಡಬಲ್ಲ ವಸ್ತು ನಮ್ಮ ಶೆಡ್ಡಿನಲ್ಲೇ ಇದೆ! ಮಾವ ಊಟಕ್ಕೆ ಕೂತದ್ದನ್ನು ನೋಡಿಕೊಂಡು ವೇಗ ಹಿಡಿತದಲ್ಲಿಡುವ ಗವರ್ನರ್ ತಿರುಗಿಸಿದ. ಶೆಡ್ಡಿನ ಸದ್ದು ಏರಿತು. ಕಂಪ್ಯೂಟರಿನ ಗಡಿಯಾರ ಪೋಕ್ ಇಲ್ಲದೆ ಸರಿಯಾಗಿ ಓಡತೊಡಗಿತು. ಸುಮ್ನೆ ಹೇಳಬಾರದು, ನೋಡಲು ಚೆನ್ನಾಗಿತ್ತು.

ಅಷ್ಟರಲ್ಲಿ ಅತ್ತೆ ಬಾವಿಯ ಪಂಪ್ ಹಾಕಿದರು. 50 ಬಡಿತ 60 ಆಗಿ ಇಂಥ ಪಂಪಿನ ವೇಗ 20 ಶೇಕಡ ಏರಿದರೆ ಮೋಟರಿನ ಮೇಲಿನ ಹೊರೆ ಸುಮಾರು 73 ಶೇಕಡ ಏರುತ್ತದೆ. ಟ್ಯಾಂಕಿಗೆ ನೀರು ಧೋ ಎಂದು ಬಿತ್ತು, ಆಮೇಲೆ ಸ್ಟಾರ್ಟರ್ ಟ್ರಿಪ್. ಮಾವ ಎಂಜಲು ಕೈಯಲ್ಲೇ ಶೆಡ್ಡಿಗೆ ಬಂದರು.

“ಯಾರು ಮುಟ್ಟಿದ್ದು?”

“ಅಪ್ಪ, ಅದು ಅರವತ್ತು ಹರ್ಟ್ಜ್...”

“ನಂಗೂ ಅರವತ್ತು ದಾಟಿದೆ. ನನ್ನನ್ನು ಯಾರೂ ತಿರುಗಿಸ್ಲಿಲ್ಲ. ಇಳಿಸು.”

ಇಳಿಸಿದ.

ಇಷ್ಟರ ನಡುವೆ ಮನೆಯವರ ಮನಸ್ಸು ಗೆದ್ದದ್ದು ಕಂಪ್ಯೂಟರಲ್ಲ, ಅದರ ಅಡಾಪ್ಟರ್. ಅದೊಂದು ಇಟ್ಟಿಗೆ ಗಾತ್ರದ ಕಪ್ಪು ಡಬ್ಬ. 60ಕ್ಕೆಂದು ಸುತ್ತಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಓಡಿದರೆ ಅದರ ಕಬ್ಬಿಣದ ಮೇಲೆ 20 ಶೇಕಡ ಜಾಸ್ತಿ ಕಾಂತದ ಹೊರೆ. ಗುಂಯ್ ಅನ್ನುತ್ತದೆ, ಬಿಸಿಯಾಗುತ್ತದೆ. ಬಟ್ಟೆ ವಾರಗಟ್ಟಲೆ ಒಣಗದ ತಿಂಗಳಲ್ಲಿ ಇದಕ್ಕಿಂತ ಬೇರೇನು ಬೇಕು? ಮೊದಲು ಬೆಕ್ಕು ಕಂಡುಹಿಡಿಯಿತು. ಆಮೇಲೆ ಮಕ್ಕಳ ಸಾಕ್ಸ್, ಮಾವನ ಮಂಕಿ ಕ್ಯಾಪ್. ಕಂಪ್ಯೂಟರ್ ಆಫ್ ಮಾಡಹೋದರೆ ಅತ್ತೆ, “ಇರ್ಲಿ ಬಿಡು, ಇನ್ನೊಂದು ಜೊತೆ ಉಂಟು” ಅನ್ನುತ್ತಿದ್ದರು.

ಆದರೆ ಈ ಡಬ್ಬ ಚಿಪ್ಪುಗಳಿಗೆ ಕೊಡುವ 5 ವೋಲ್ಟ್ ಕೈಕೊಟ್ಟರೆ ಏರಿಹೋಗಿ ಅವನ್ನೇ ಸುಡುತ್ತದೆ. ಹಳೇ ಕಮಡೋರ್ ಇಟ್ಟುಕೊಂಡವರೆಲ್ಲ ಹೆದರುವುದು ಇದಕ್ಕೇ. ಹಾಗಾಗಿ ಭಾವ ಮಡಿಕೇರಿಯ ರೇಡಿಯೋ ರಿಪೇರಿಯವರ ಹತ್ತಿರ 230 ವೋಲ್ಟ್, 50 ಹರ್ಟ್ಜ್‌ಗೆ ಹೊಸದೊಂದನ್ನು ಮಾಡಿಸಿ ತಂದ. ಒಳ್ಳೇ ಕೆಲಸ. ಗುಂಯ್ ಇಲ್ಲ, ಬಿಸಿ ಇಲ್ಲ.

ಅತ್ತೆ ಅದರ ಮೇಲೆ ಕೈಯಿಟ್ಟು ನೋಡಿದರು. “ಹಾಳಾಗಿದೆ ಇದು. ಅವರಿಗೇ ವಾಪಸ್ ಕೊಡು” ಅಂದರು.